ಕಿಡ್ನಿ ಕಾಯಿಲೆ: ನೋವಿಲ್ಲ ಎಂದರೆ ತೊಂದರೆ ಇಲ್ಲ ಎಂದಲ್ಲ

ಸೊಂಟ ನೋಯತೊಡಗಿದರೆ ನಮ್ಮಲ್ಲಿ ಬಹಳ ಜನಕ್ಕೆ ಮೊದಲು ಬರುವ ಅನುಮಾನ, 'ಕಿಡ್ನಿಗೆ ಏನಾದರೂ ಆಯಿತೇ?' ಎಂದು. ಸೊಂಟ ನೋಯದಿದ್ದರೆ ಕಿಡ್ನಿಯ ನೆನಪೇ ಆಗುವುದಿಲ್ಲ. ಈ ಎರಡೂ ಲೆಕ್ಕ ತಪ್ಪು. ಸೊಂಟನೋವಿನಲ್ಲಿ ಬಹುಪಾಲು ಸ್ನಾಯು ಮತ್ತು ಬೆನ್ನೆಲುಬಿನದು. ಕಿಡ್ನಿಯನ್ನು ವರ್ಷಗಟ್ಟಲೆ ಸವೆಸಿ ಹಾಳು ಮಾಡುವ ಕಾಯಿಲೆ ಸಾಮಾನ್ಯವಾಗಿ ನೋಯುವುದೇ ಇಲ್ಲ.

'ಕಿಡ್ನಿ ಪ್ರಾಬ್ಲಂ' ಎಂಬ ಒಂದೇ ಮಾತಿನೊಳಗೆ ಹಲವು ಬೇರೆ ಬೇರೆ ಕಾಯಿಲೆಗಳು ಸೇರಿಕೊಂಡಿವೆ. ಒಂದಕ್ಕೆ ಮದ್ದಾಗುವ ಎಳನೀರು ಇನ್ನೊಂದರಲ್ಲಿ ಹೃದಯವನ್ನೇ ನಿಲ್ಲಿಸಬಹುದು. ಹಾಗಾಗಿ ಅವುಗಳನ್ನು ಬಿಡಿಬಿಡಿಯಾಗಿ ನೋಡೋಣ.

ಮೊದಲು ಕಿಡ್ನಿಯ ಕೆಲಸದ ಬಗ್ಗೆ ಎರಡು ಮಾತು. ಬೆನ್ನೆಲುಬಿನ ಎರಡು ಪಕ್ಕದಲ್ಲಿ ಮುಷ್ಟಿ ಗಾತ್ರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲೂ ನೆಫ್ರಾನ್ ಎಂಬ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳು. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ ತೆಗೆಯುತ್ತವೆ. ಅದರಲ್ಲಿ ಬೇಕಾದದ್ದನ್ನೆಲ್ಲ ಮತ್ತೆ ರಕ್ತಕ್ಕೆ ಎಳೆದುಕೊಂಡು, ಒಂದೂವರೆ-ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ಸೋಸುವುದರ ಜೊತೆಗೆ ಬಿಪಿ ಹಿಡಿತದಲ್ಲಿಡುವುದು, ಕೆಂಪು ರಕ್ತಕಣ ಹುಟ್ಟಿಸುವ ಹಾರ್ಮೋನು ತಯಾರಿಸುವುದು, ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವಂತೆ ಮಾಡುವುದು, ಎಲ್ಲ ಇವುಗಳದೇ ಜವಾಬ್ದಾರಿ. ಕಿಡ್ನಿ ಸೋತವರಿಗೆ ರಕ್ತಹೀನತೆ ಏಕೆ ಬರುತ್ತದೆ, ಮೂಳೆ ಏಕೆ ಸವೆಯುತ್ತದೆ ಎಂಬುದಕ್ಕೆ ಕಾರಣ ಇಲ್ಲಿದೆ.

ಕೂಗಿ ಹೇಳುವ ಕಾಯಿಲೆಗಳು

ಕಿಡ್ನಿ ಕಲ್ಲಿನ ನೋವು ಒಮ್ಮೆ ಬಂದವರು ಅದನ್ನು ಮರೆಯುವುದಿಲ್ಲ. ಮೂತ್ರದಲ್ಲಿ ಕರಗಿರಬೇಕಾದ ಕ್ಯಾಲ್ಸಿಯಂ, ಆಕ್ಸಲೇಟ್‌ನಂಥ ವಸ್ತುಗಳು ನೀರು ಸಾಲದೆ ಹರಳುಗಟ್ಟಿದರೆ ಕಲ್ಲಾಗುತ್ತದೆ. ಕಿಡ್ನಿಯ ಒಳಗೆ ಇರುವಷ್ಟು ದಿನ ಅದು ಸುಮ್ಮನಿರಬಹುದು. ಕೆಳಗಿನ ಸಣ್ಣ ನಾಳಕ್ಕೆ ಜಾರಿದಾಗ ಪಕ್ಕೆಯಿಂದ ತೊಡೆಸಂದಿನವರೆಗೆ ಅಲೆಅಲೆಯಾಗಿ ನೋವು ಏಳುತ್ತದೆ. 5 ಮಿಲಿಮೀಟರ್‌ಗಿಂತ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಬಿದ್ದುಹೋಗುತ್ತವೆ. ದೊಡ್ಡವನ್ನು ಹೊರಗಿನಿಂದ ಶಾಕ್‌ವೇವ್ ಕೊಟ್ಟು, ಇಲ್ಲವೇ ದುರ್ಬೀನು ಹಾಕಿ ಲೇಸರ್‌ನಿಂದ ಪುಡಿ ಮಾಡಿ ತೆಗೆಯುತ್ತಾರೆ.

ಬಾಳೆದಿಂಡಿನ ರಸ, ಹುರುಳಿ ಕಟ್ಟು ಕುಡಿದು ಕಲ್ಲು ಬಿತ್ತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕಲ್ಲು ಬಿದ್ದದ್ದು ನಿಜ. ಆದರೆ ಆ ಗಾತ್ರದ ಕಲ್ಲು ಬರೀ ನೀರು ಕುಡಿದಿದ್ದರೂ ಬೀಳುವ ಸಾಧ್ಯತೆಯೇ ಹೆಚ್ಚಿತ್ತು. ಬಾಳೆದಿಂಡಿನ ಪಲ್ಯ ರುಚಿಯಾಗಿರುತ್ತದೆ, ನಾರಿನಂಶವೂ ಇದೆ, ತಿನ್ನಿ. 12 ಮಿಲಿಮೀಟರ್ ಕಲ್ಲನ್ನು ಅದು ಕರಗಿಸುತ್ತದೆ ಎಂದು ಆರು ತಿಂಗಳು ಕಾಯುವುದು ಮಾತ್ರ ಬೇಡ, ಏಕೆಂದರೆ ನಾಳ ಕಟ್ಟಿಕೊಂಡು ಕಿಡ್ನಿ ಊದಿಕೊಳ್ಳುತ್ತಿದ್ದರೂ ಕೆಲವೊಮ್ಮೆ ನೋವು ಕಡಿಮೆಯಾಗಿಬಿಡುತ್ತದೆ. ಬಿಯರ್ ಕುಡಿದರೆ ಕಲ್ಲು ಹೋಗುತ್ತದೆ ಎಂಬುದು ಬಿಯರ್ ಇಷ್ಟಪಡುವವರು ಕಂಡುಕೊಂಡ ನೆಪ. ಅದು ಯೂರಿಕ್ ಆಮ್ಲವನ್ನು ಏರಿಸುತ್ತದೆ, ಆ ಆಮ್ಲದಿಂದಲೂ ಕಲ್ಲಾಗುತ್ತದೆ. ಟೊಮೆಟೊ, ಬದನೆ ಬೀಜಗಳೇ ಕಲ್ಲಾಗುತ್ತವೆ ಎಂಬ ಮಾತೂ ನಿಜವಲ್ಲ. ಕ್ಯಾಲ್ಸಿಯಂ ಕಲ್ಲೆಂದು ಹಾಲು-ಮೊಸರು ಬಿಡುವುದಂತೂ ತಿರುಗುಬಾಣ: ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಹೊರಗೆ ಕಳಿಸುತ್ತದೆ. ಕಡಿಮೆ ಮಾಡಬೇಕಾದದ್ದು ಉಪ್ಪು. ಉಪ್ಪಿನಕಾಯಿ, ಹಪ್ಪಳ ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ನೀರನ್ನು ಲೋಟದ ಲೆಕ್ಕದಲ್ಲಿ ಅಳೆಯುವುದಕ್ಕಿಂತ, ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರ ಹೋಗುವಂತೆ ಕುಡಿಯಬೇಕು ಎಂಬುದು ವೈದ್ಯರು ಕೊಡುವ ಲೆಕ್ಕ.

ಇನ್ನೊಂದು ಉರಿಮೂತ್ರ. ಇದನ್ನು ನಮ್ಮ ಮನೆಗಳಲ್ಲಿ 'ಉಷ್ಣ ಆಗಿದೆ' ಎಂದು ಬಾರ್ಲಿ ನೀರು ಕುಡಿಸಿ ಮುಗಿಸುತ್ತಾರೆ. ಹೆಚ್ಚಿನ ಸಲ ಅದು ಉಷ್ಣವಲ್ಲ, ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಮೂತ್ರಮಾರ್ಗ ಹೊಕ್ಕಿರುವ ಸೋಂಕು. ಹೆಂಗಸರ ಮೂತ್ರದ್ವಾರದ ಹಾದಿ ಚಿಕ್ಕದು, ಹಾಗಾಗಿ ಅವರಿಗೇ ಇದು ಹೆಚ್ಚು. ಕೆಲಸದ ಜಾಗದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸರಿಯಾದ ಶೌಚಾಲಯವಿಲ್ಲದೆ ನೀರನ್ನೇ ಕುಡಿಯದೆ, ಮೂತ್ರ ಕಟ್ಟಿಕೊಂಡು ದಿನ ಕಳೆಯುವವರಿಗೆ ಇನ್ನೂ ಹೆಚ್ಚು. ಇದನ್ನು ಬರೀ 'ವೈಯಕ್ತಿಕ ಸ್ವಚ್ಛತೆ'ಯ ಪಾಠವಾಗಿ ಹೇಳುವುದು ನಮಗೆ ಒಪ್ಪಿಗೆಯಿಲ್ಲ. ಉರಿಯ ಜೊತೆ ಚಳಿಜ್ವರ, ಬೆನ್ನಿನ ಒಂದು ಪಕ್ಕ ನೋವು ಬಂದರೆ ಸೋಂಕು ಕಿಡ್ನಿಗೆ ಏರಿದೆ ಎಂದು ಅರ್ಥ. ಕಲ್ಲು ಇರುವವರಿಗೆ ಹೀಗೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮಕ್ಕಳಲ್ಲಿ ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿದ್ದರೆ ಅಲರ್ಜಿ ಎಂದುಕೊಳ್ಳುವುದು ಸಾಮಾನ್ಯ. ಅದು ನೆಫ್ರೋಟಿಕ್ ಸಿಂಡ್ರೋಮ್ ಇರಬಹುದು. ಇದರಲ್ಲಿ ಜರಡಿಯ ತೂತು ಸಡಿಲವಾಗಿ ಪ್ರೋಟೀನ್ ಮೂತ್ರಕ್ಕೆ ಸೋರಿಹೋಗುತ್ತಿರುತ್ತದೆ. ಒಂದು ಮೂತ್ರ ಪರೀಕ್ಷೆ ಸಾಕು, ಗೊತ್ತಾಗುತ್ತದೆ. ಹೆಚ್ಚಿನ ಮಕ್ಕಳಿಗೆ ಸ್ಟೀರಾಯ್ಡ್ ಮಾತ್ರೆಯಿಂದ ಗುಣವಾಗುತ್ತದೆ, ಮರುಕಳಿಸುವುದೂ ಉಂಟು.

ದಿಢೀರ್ ಕೈಕೊಡುವ ಕಿಡ್ನಿ

ಕೆಲವೊಮ್ಮೆ ಚೆನ್ನಾಗಿದ್ದ ಕಿಡ್ನಿ ಎರಡು-ಮೂರು ದಿನದಲ್ಲಿ ನಿಂತುಹೋಗುತ್ತದೆ. ತೀವ್ರ ವಾಂತಿಭೇದಿಯಿಂದ ಮೈಯ ನೀರು ಬತ್ತಿದಾಗ, ಮಲೆನಾಡು-ಕರಾವಳಿಯಲ್ಲಿ ಮಳೆಗಾಲಕ್ಕೆ ಕಾಣುವ ಇಲಿಜ್ವರದಲ್ಲಿ, ಕೊಳಕುಮಂಡಲ ಹಾವು ಕಚ್ಚಿದಾಗ ಹೀಗಾಗುತ್ತದೆ. ನಿರ್ಜಲಗೊಂಡ ಸ್ಥಿತಿಯಲ್ಲಿ ಮೈಕೈ ನೋವಿಗೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆ ನುಂಗಿದರೆ ಕಿಡ್ನಿಗೆ ಹೋಗುವ ರಕ್ತ ಮತ್ತಷ್ಟು ಕಡಿಮೆಯಾಗುತ್ತದೆ.

ಒಂದು ತಪ್ಪು ತಿಳಿವಳಿಕೆ ಜೀವ ತೆಗೆಯುವುದು ಇಲ್ಲಿಯೇ. 'ಒಮ್ಮೆ ಡಯಾಲಿಸಿಸ್‌ಗೆ ಹಾಕಿದರೆ ಸಾಯುವವರೆಗೂ ಬಿಡುವುದಿಲ್ಲ' ಎಂದು ಹೆದರಿ ಮನೆಯವರು ಬೇಡ ಎನ್ನುತ್ತಾರೆ. ಹಾವು ಕಚ್ಚಿದವರಿಗೆ, ಇಲಿಜ್ವರದವರಿಗೆ ಕೊಡುವ ಡಯಾಲಿಸಿಸ್ ಮುರಿದ ಕಾಲಿಗೆ ಕೊಡುವ ಊರುಗೋಲಿನಂತೆ. ಕೆಲವು ದಿನ ಅಥವಾ ವಾರಗಳಲ್ಲಿ ಕಿಡ್ನಿ ಚೇತರಿಸಿಕೊಂಡ ಮೇಲೆ ಬಹಳಷ್ಟು ಜನ ಅದನ್ನು ಬಿಟ್ಟು ಮನೆಗೆ ಹೋಗುತ್ತಾರೆ. ಬಿಡಲಾಗದೆ ಉಳಿದುಹೋಗುವವರಲ್ಲಿ ಹೆಚ್ಚಿನವರ ಕಿಡ್ನಿ ಮೊದಲೇ, ಸದ್ದಿಲ್ಲದೆ, ಹಾಳಾಗಿರುತ್ತದೆ. ಅಲ್ಲಿ ತಪ್ಪು ಡಯಾಲಿಸಿಸ್‌ನದಲ್ಲ.

'ನಾರ್ಮಲ್' ಎಂಬ ವರದಿಯೊಳಗೆ

ಆ ಸದ್ದಿಲ್ಲದ ಕಾಯಿಲೆಯೇ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ, ಸಿಕೆಡಿ. ಇದರ ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ಬಿಪಿ. (ಎರಡೂ ಇಲ್ಲದವರಿಗೂ ಬರುವುದುಂಟು. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಸೀಮೆಯ ರೈತರಲ್ಲಿ ಇದು ವ್ಯಾಪಕವಾಗಿದ್ದು, ಕಾರಣ ಇನ್ನೂ ಖಚಿತವಾಗಿಲ್ಲ.) ಜರಡಿಗಳು ಒಂದೊಂದಾಗಿ ಮುಚ್ಚಿಹೋಗುತ್ತಾ ಬಂದರೂ, ಉಳಿದವು ಅವುಗಳ ಪಾಲಿನ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಹಾಗಾಗಿ ಮೂತ್ರ ಸರಿಯಾಗಿಯೇ ಹೋಗುತ್ತಿರುತ್ತದೆ, ಊಟ ಸೇರುತ್ತದೆ, ಕೆಲಸ ನಡೆಯುತ್ತದೆ. ಕಾಲು ಊದಿ, ವಾಕರಿಕೆ ಬಂದು, ಮೈ ತುರಿಸಲು ಶುರುವಾಗುವಷ್ಟರಲ್ಲಿ ಬಹುಪಾಲು ಕಿಡ್ನಿ ಹೋಗಿರುತ್ತದೆ.

ಪರೀಕ್ಷೆ ಮಾಡಿಸಿದರೆ ಗೊತ್ತಾಗುವುದಿಲ್ಲವೇ? ಆಗುತ್ತದೆ. ಆದರೆ ವರದಿಯನ್ನು ಓದುವ ರೀತಿಯಲ್ಲಿ ಒಂದು ಎಡವಟ್ಟಿದೆ. ಕ್ರಿಯೇಟಿನಿನ್ ಎಂಬುದು ಸ್ನಾಯುಗಳಿಂದ ಬರುವ ಕಸ. ಕಿಡ್ನಿ ಸರಿಯಾಗಿ ಸೋಸದಿದ್ದರೆ ಅದು ರಕ್ತದಲ್ಲಿ ಉಳಿಯುತ್ತದೆ. ಅನೇಕ ಲ್ಯಾಬ್‌ಗಳ ಹಾಳೆಯಲ್ಲಿ 1.2ರ ಆಸುಪಾಸಿನವರೆಗೆ ನಾರ್ಮಲ್ ಎಂದಿರುತ್ತದೆ. ಈಗ 25ರ ಹುಡುಗನೊಬ್ಬ, 65ರ ಅಮ್ಮ ಒಬ್ಬರು, ಇಬ್ಬರಿಗೂ 1.2 ಬಂದಿದೆ ಎಂದುಕೊಳ್ಳೋಣ. ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕುವ ಇಜಿಎಫ್‌ಆರ್ ಎಂಬ ಅಳತೆಯಲ್ಲಿ ಹುಡುಗನಿಗೆ ಸುಮಾರು 86 ಬರುತ್ತದೆ. ಅಮ್ಮನಿಗೆ ಸುಮಾರು 50. 60ಕ್ಕಿಂತ ಕೆಳಗೆ ಮೂರು ತಿಂಗಳು ಉಳಿದರೆ ಅದು ಸಿಕೆಡಿ. ಇನ್ನೂ ಒಂದು ವಿಚಾರ: ಅದೇ ಅಮ್ಮನ ಕ್ರಿಯೇಟಿನಿನ್ 0.7 ಇದ್ದಿದ್ದರೆ ಇಜಿಎಫ್‌ಆರ್ 96 ಇರುತ್ತಿತ್ತು. ಅಂದರೆ 0.7ರಿಂದ 1.2ಕ್ಕೆ ಹೋಗುವ ಹಾದಿಯಲ್ಲಿ ಹತ್ತಿರಹತ್ತಿರ ಅರ್ಧ ಸಾಮರ್ಥ್ಯ ಹೋಗುತ್ತದೆ, ವರದಿಯಲ್ಲಿ ಒಂದೂ ಕೆಂಪು ಗುರುತು ಬೀಳುವುದಿಲ್ಲ. ಸ್ನಾಯು ಕಡಿಮೆ ಇರುವ ವಯಸ್ಸಾದ ಹೆಂಗಸರು ಹೀಗೆ ಲೆಕ್ಕಕ್ಕೆ ಸಿಗದೆ ಹೋಗುತ್ತಾರೆ.

ಇದಕ್ಕೂ ಮುಂಚೆ ಸುಳಿವು ಕೊಡುವುದು ಮೂತ್ರದ ಎಸಿಆರ್ ಪರೀಕ್ಷೆ, ಅಂದರೆ ಮೂತ್ರಕ್ಕೆ ಸೋರುತ್ತಿರುವ ಆಲ್ಬುಮಿನ್ ಪ್ರಮಾಣ. 30ಕ್ಕಿಂತ ಹೆಚ್ಚಿದ್ದರೆ ಜರಡಿ ಸಡಿಲವಾಗುತ್ತಿದೆ ಎಂದರ್ಥ. ಮೂತ್ರದಲ್ಲಿ ಸೋಪಿನಂಥ ನೊರೆ ನಿಲ್ಲತೊಡಗಿದರೆ ಅನುಮಾನ ಪಡಬಹುದು, ಆದರೆ ಪರೀಕ್ಷೆಗೆ ನೊರೆ ಬರುವವರೆಗೆ ಕಾಯಬೇಕಿಲ್ಲ. ಮನೆಯಲ್ಲಿ ಸಕ್ಕರೆ ಅಥವಾ ಬಿಪಿ ಇರುವವರಿದ್ದರೆ ವರ್ಷಕ್ಕೊಮ್ಮೆ ಇಜಿಎಫ್‌ಆರ್ ಸಹಿತ ಕ್ರಿಯೇಟಿನಿನ್, ಜೊತೆಗೆ ಎಸಿಆರ್ ಎಂದು ಬಾಯಿಬಿಟ್ಟು ಕೇಳಿ ಮಾಡಿಸಿ. ಎರಡೂ ಸೇರಿ ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸ.

ಬೇಗ ಸಿಕ್ಕರೆ ಮಾಡಲು ಬಹಳಷ್ಟಿದೆ. ಬಿಪಿಯನ್ನು 130/80ರ ಕೆಳಗೆ ತರುವುದು, ಸಕ್ಕರೆ ಹಿಡಿತ, ಉಪ್ಪು ಕಡಿಮೆ. ರಾಮಿಪ್ರಿಲ್, ಟೆಲ್ಮಿಸಾರ್ಟಾನ್‌ನಂಥ ಮಾತ್ರೆಗಳು ಬಿಪಿ ಇಳಿಸುವುದರ ಜೊತೆಗೆ ಜರಡಿಯೊಳಗಿನ ಒತ್ತಡವನ್ನೂ ಇಳಿಸುತ್ತವೆ. ಶುರುಮಾಡಿದ ಹೊಸತರಲ್ಲಿ ಕ್ರಿಯೇಟಿನಿನ್ ತುಸು ಏರುವುದುಂಟು. ಅದನ್ನು ನೋಡಿ 'ಬಿಪಿ ಮಾತ್ರೆಯಿಂದಲೇ ಕಿಡ್ನಿ ಹೋಯಿತು' ಎಂದು ನಿಲ್ಲಿಸಿಬಿಡುತ್ತಾರೆ. ಆ ಏರಿಕೆ ಎಷ್ಟರವರೆಗೆ ಸರಿ ಎಂಬುದನ್ನು ವೈದ್ಯರು ಮತ್ತೆ ಪರೀಕ್ಷಿಸಿ ಹೇಳಬೇಕು, ತಾವಾಗಿ ಬಿಡಬಾರದು. ಇನ್ನೊಂದು ಮಾತ್ರೆ ಡಾಪಾಗ್ಲಿಫ್ಲೋಜಿನ್. ಸಕ್ಕರೆ ಕಾಯಿಲೆಗೆಂದು ಬಂದದ್ದು. 4,304 ಸಿಕೆಡಿ ರೋಗಿಗಳ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಿಡ್ನಿ ತೀವ್ರವಾಗಿ ಕುಸಿಯುವ, ಇಲ್ಲವೇ ಕಿಡ್ನಿ-ಹೃದಯದ ಕಾರಣದಿಂದ ಸಾಯುವ ಅಪಾಯ 39% ಕಡಿಮೆಯಾಯಿತು. ಸಕ್ಕರೆ ಕಾಯಿಲೆ ಇಲ್ಲದವರಿಗೂ ಲಾಭ ಸಿಕ್ಕಿತು. ಅದೇ ವರ್ಷ ಭಾರತದಲ್ಲಿ ಅದರ ಪೇಟೆಂಟ್ ಮುಗಿದು ಜೆನೆರಿಕ್ ಮಾತ್ರೆಗಳು ಬಂದವು.

ಕ್ರಿಯೇಟಿನಿನ್ ಇಳಿಸುವ ಕಷಾಯ

'15 ದಿನದಲ್ಲಿ ಕ್ರಿಯೇಟಿನಿನ್ 6ರಿಂದ 3ಕ್ಕೆ!' ಎಂಬ ವಿಡಿಯೋಗಳು ವಾಟ್ಸಾಪಿನಲ್ಲಿ ತಿರುಗುತ್ತಲೇ ಇರುತ್ತವೆ. ಸಂಖ್ಯೆ ಇಳಿದಿರಲೂಬಹುದು. ಏಕೆ ಎಂದು ಕೇಳಬೇಕು. ದಿಢೀರ್ ಹಾನಿಯಾದ ಕಿಡ್ನಿಯಾದರೆ ತಾನಾಗಿಯೇ ಚೇತರಿಸಿಕೊಳ್ಳುತ್ತಿರಬಹುದು. ಕಟ್ಟುನಿಟ್ಟು ಪಥ್ಯದಲ್ಲಿ ಸರಿಯಾಗಿ ಊಟವಿಲ್ಲದೆ ರೋಗಿಯ ಸ್ನಾಯು ಕರಗಿದರೂ ಕ್ರಿಯೇಟಿನಿನ್ ಇಳಿಯುತ್ತದೆ. ಕಸ ಹುಟ್ಟುವುದೇ ಕಡಿಮೆಯಾಯಿತು, ಜರಡಿ ಒಂದಿಷ್ಟೂ ಸುಧಾರಿಸಲಿಲ್ಲ. ವರದಿ ನೋಡಿ ಸಂತೋಷಪಡುತ್ತಾ ಮನುಷ್ಯ ಸೊರಗುತ್ತಿರುತ್ತಾನೆ.

'ಗಿಡಮೂಲಿಕೆ ತಾನೇ, ಏನೂ ಆಗುವುದಿಲ್ಲ' ಎಂಬ ಮಾತಿಗೆ ಉತ್ತರ ಬೆಲ್ಜಿಯಂನಿಂದ ಬಂದಿದೆ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನ ಒಂದು ಕ್ಲಿನಿಕ್ಕಿನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ಸೇವಿಸಿದ ಹಲವು ಹೆಂಗಸರ ಕಿಡ್ನಿ ಪೂರ್ತಿ ಹಾಳಾಯಿತು. ಕಾರಣ ಅರಿಸ್ಟೊಲೋಕಿಯಾ ಜಾತಿಯ ಗಿಡದ ಆಮ್ಲ. ನಮ್ಮಲ್ಲಿ ಹಾವಿನ ವಿಷಕ್ಕೆ ಮದ್ದು ಎಂದು ಹೇಳುವ ಈಶ್ವರಿ ಬಳ್ಳಿ ಅದೇ ಜಾತಿಗೆ ಸೇರಿದ್ದು. ಕೇರಳದಲ್ಲಿ ಕೊಲೆಸ್ಟ್ರಾಲ್ ಇಳಿಸಲೆಂದು ಬಿಂಬುಳಿ ಕಾಯಿಯ ರಸ ಕುಡಿದು ಕಿಡ್ನಿ ಕೈಕೊಟ್ಟ ಪ್ರಕರಣಗಳಿವೆ, ಪಾದರಸ ಬೆರೆತ ಬಿಳುಪಿನ ಕ್ರೀಮು ಹಚ್ಚಿ ಪ್ರೋಟೀನ್ ಸೋರತೊಡಗಿದವರೂ ಇದ್ದಾರೆ. ಸಿಕೆಡಿ ಮುಂದುವರಿದವರಿಗೆ ದಾರೆಹುಳಿ ಹಣ್ಣಂತೂ ನೇರವಾಗಿ ಮೆದುಳಿಗೆ ವಿಷ.

ಎಳನೀರಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ಅದರಲ್ಲಿ ಪೊಟ್ಯಾಸಿಯಂ ಧಾರಾಳ. ಕಲ್ಲು ಇರುವ, ಕಿಡ್ನಿ ಚೆನ್ನಾಗಿರುವವರು ಕುಡಿಯಬಹುದು. ಕೊನೆಯ ಹಂತದ ಸಿಕೆಡಿಯಲ್ಲಿ ಪೊಟ್ಯಾಸಿಯಂ ಹೊರಗೆ ಹೋಗದೆ ಹೃದಯದ ಬಡಿತ ತಪ್ಪಿಸುತ್ತದೆ. 'ಕಡಿಮೆ ಸೋಡಿಯಂ' ಎಂದು ಮಾರುವ ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ. ನೀರು ಕೂಡ ಹಾಗೆಯೇ: ಕಲ್ಲಿನವರು ಹೆಚ್ಚು ಕುಡಿಯಬೇಕು, ಮೂತ್ರ ಕಡಿಮೆಯಾದ ಸಿಕೆಡಿಯವರು ಅಳೆದು ಕುಡಿಯಬೇಕು.

ಕಿಡ್ನಿ ಸೋತ ಮೇಲೆ

ಇಜಿಎಫ್‌ಆರ್ 15ಕ್ಕಿಂತ ಕೆಳಗಿಳಿದು ತೊಂದರೆಗಳು ಕಾಣಿಸಿಕೊಂಡರೆ ಡಯಾಲಿಸಿಸ್ ಅಥವಾ ಕಸಿ. ಯಂತ್ರದ ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿಸಲ ಸುಮಾರು ನಾಲ್ಕು ಗಂಟೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡವರಿಗೆ ಜಿಲ್ಲಾಸ್ಪತ್ರೆಗಳಲ್ಲಿ ಇದು ಉಚಿತ. ಆದರೂ ಬಸ್ಸಿನ ಖರ್ಚು, ತಪ್ಪಿದ ಕೂಲಿ ಈ ಯೋಜನೆಯ ಲೆಕ್ಕದಲ್ಲಿ ಬರುವುದಿಲ್ಲ, ಎಷ್ಟೋ ಜನ ಮೂರು ಸಲವನ್ನು ಎರಡಕ್ಕೆ ಇಳಿಸಿಕೊಳ್ಳುವುದು ಅದಕ್ಕೇ. ಹೊಟ್ಟೆಗೆ ಕೊಳವೆ ಹಾಕಿ ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಕೂಡ ಇದೆ, ದೂರದ ಹಳ್ಳಿಯವರು ವೈದ್ಯರಲ್ಲಿ ಅದರ ಬಗ್ಗೆ ಕೇಳಬೇಕು. ಯಂತ್ರದ ಡಯಾಲಿಸಿಸ್‌ಗಾಗಿ ಕೈಯಲ್ಲಿ ಫಿಸ್ಟುಲಾ ಮಾಡಿದ್ದರೆ ಆ ಕೈಯಿಂದ ರಕ್ತ ತೆಗೆಯಲು, ಬಿಪಿ ನೋಡಲು ಯಾರಿಗೂ ಬಿಡಬಾರದು.

ಕಸಿಯಲ್ಲಿ ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ, ಹೊಸದನ್ನು ಕಿಬ್ಬೊಟ್ಟೆಯ ಪಕ್ಕದಲ್ಲಿ ಕೂರಿಸುತ್ತಾರೆ. 1994ರ ಅಂಗಾಂಗ ಕಸಿ ಕಾಯಿದೆಯಡಿ ಕಿಡ್ನಿ ಮಾರುವುದು, ಕೊಳ್ಳುವುದು ಅಪರಾಧ. ಹತ್ತಿರದ ಬಂಧುಗಳು ಕೊಡಬಹುದು. ಚೆನ್ನಾಗಿ ಪರೀಕ್ಷಿಸಿ ಆರಿಸಿದ ದಾನಿ ಒಂದೇ ಕಿಡ್ನಿಯಲ್ಲಿ ಆರೋಗ್ಯವಾಗಿ ಬದುಕಬಹುದು, ಉಳಿದದ್ದು ತನ್ನ ಕೆಲಸ ಹೆಚ್ಚಿಸಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಹೀಗೆ ಕೊಡುವವರಲ್ಲಿ ತಾಯಿ, ಹೆಂಡತಿಯರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು ಎಂಬುದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಬಂಧುಗಳಲ್ಲಿ ಹೊಂದಾಣಿಕೆ ಸಿಗದಿದ್ದರೆ, ಮಿದುಳು ಸತ್ತವರಿಂದ ಸಿಗುವ ಅಂಗಕ್ಕಾಗಿ ಕರ್ನಾಟಕದಲ್ಲಿ 'ಜೀವಸಾರ್ಥಕತೆ'ಯ ಪಟ್ಟಿಯಲ್ಲಿ ಆಸ್ಪತ್ರೆಯ ಮೂಲಕ ಹೆಸರು ನೋಂದಾಯಿಸಬೇಕು. ಕಸಿಯಾದ ಮೇಲೆ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಮಾತ್ರೆಗಳನ್ನು ಅದು ಕೆಲಸ ಮಾಡುವಷ್ಟು ಕಾಲವೂ ಬಿಡದೆ ನುಂಗಬೇಕು. ಚೆನ್ನಾಗಿದ್ದೇನೆ ಎಂದು ನಿಲ್ಲಿಸಿ ಆ ಕಿಡ್ನಿಯನ್ನೂ ಕಳೆದುಕೊಂಡವರಿದ್ದಾರೆ. ಏಕೆಂದರೆ ತಿರಸ್ಕಾರ ಶುರುವಾದಾಗಲೂ ಹೆಚ್ಚಿನ ಸಲ ನೋವಾಗುವುದಿಲ್ಲ.