‘ವ್ಯಕ್ತಿ’ ಎಂದರೆ ಯಾರು?

ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಈ ಕಥೆ ಪೂರ್ತಿ ಹೊಸದೆನಿಸದು. ಸ್ಕಾಟ್ಲೆಂಡಿನ ಪದವೀಧರರೂ ಒಂದು ಕಾಲದಲ್ಲಿ ಬ್ರಿಟನ್ನಿನ ಸಂಸತ್ತಿಗೆ ತಮ್ಮದೇ ಪ್ರತಿನಿಧಿಗಳನ್ನು ಕಳಿಸುತ್ತಿದ್ದರು. ಆ ಕ್ಷೇತ್ರಕ್ಕೆ ಊರಿರಲಿಲ್ಲ, ಎಲ್ಲೆಯಿರಲಿಲ್ಲ.

ಅದು ಹುಟ್ಟಿದ್ದು 1868ರ ಸುಧಾರಣಾ ಕಾಯ್ದೆಯಿಂದ. ಎಡಿನ್‌ಬರೋ ಮತ್ತು ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯಗಳಿಗೆ ಸೇರಿ ಒಂದು ಸ್ಥಾನ, ಗ್ಲಾಸ್ಗೋ ಮತ್ತು ಅಬರ್ಡೀನ್‌ಗೆ ಇನ್ನೊಂದು. ಪದವೀಧರರ ಸಭೆಯ ಪಟ್ಟಿಯಲ್ಲಿ ಹೆಸರಿರುವ ಪ್ರತಿ ‘ವ್ಯಕ್ತಿ’ಗೂ ಮತ ಎಂದಿತ್ತು ಕಾಯ್ದೆ. ಆಗ ಪದವೀಧರರೆಲ್ಲ ಗಂಡಸರೇ. ಆ ಪದವನ್ನು ಯಾರೂ ಬಿಡಿಸಿ ನೋಡಲಿಲ್ಲ.

1890ರ ದಶಕದಲ್ಲಿ ಹೆಣ್ಣುಮಕ್ಕಳೂ ಪದವಿ ಪಡೆದರು, ಪಟ್ಟಿಯಲ್ಲಿ ಅವರ ಹೆಸರೂ ಸೇರಿತು. ಆದರೆ 1906ರ ಚುನಾವಣೆಗೆ ಅವರು ಮತಪತ್ರ ಕೇಳಿದಾಗ ಸಿಗಲಿಲ್ಲ. ಎಡಿನ್‌ಬರೋದ ಐವರು ಪದವೀಧರೆಯರು ಕೋರ್ಟಿನ ಮೆಟ್ಟಿಲೇರಿದರು. ಸ್ಕಾಟ್ಲೆಂಡಿನಲ್ಲಿ ಸೋತು, 1908ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ಗೆ ಮೇಲ್ಮನವಿ ಒಯ್ದರು. ವಕೀಲಿಕೆಯ ಬಾಗಿಲು ಹೆಂಗಸರಿಗೆ ಮುಚ್ಚಿದ್ದ ಕಾಲ ಅದು. ಗಣಿತ ಓದಿದ್ದ ಕ್ರಿಸ್ಟಲ್ ಮ್ಯಾಕ್‌ಮಿಲನ್ ತಾವೇ ಎದ್ದುನಿಂತು ವಾದಿಸಿದರು. ಕಾಯ್ದೆಯ ಮಾತು ‘ವ್ಯಕ್ತಿ’, ನಾವು ವ್ಯಕ್ತಿಗಳು ಎಂಬುದು ಆ ವಾದದ ತಿರುಳು. ಲಾರ್ಡ್‌ಗಳು ಒಪ್ಪಲಿಲ್ಲ. ಈ ಕಾಯ್ದೆಯ ಮಟ್ಟಿಗೆ ವ್ಯಕ್ತಿಯೆಂದರೆ ಗಂಡಸು ಎಂದು ತೀರ್ಪಿತ್ತರು. ಪದವಿಗೆ ಅರ್ಹಳಾದವಳು ಮತಪತ್ರಕ್ಕೆ ಅರ್ಹಳಲ್ಲ ಎನ್ನುವ ಈ ತೀರ್ಪನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ.

ಮೂವತ್ತು ದಾಟಿದ ಪದವೀಧರೆಯರಿಗೆ ಮತ ಬಂದದ್ದು 1918ರಲ್ಲಿ. ಎರಡೂ ಸ್ಥಾನಗಳು ಒಂದಾಗಿ, ಮೂವರು ಸದಸ್ಯರ ಸಂಯುಕ್ತ ಸ್ಕಾಟಿಷ್ ವಿಶ್ವವಿದ್ಯಾಲಯಗಳ ಕ್ಷೇತ್ರವಾದದ್ದೂ ಆಗಲೇ. ಗೆದ್ದವರಲ್ಲಿ ಹೆಸರುವಾಸಿಗಳಿದ್ದರು: ಕಾದಂಬರಿಕಾರ ಜಾನ್ ಬುಕನ್, ಸೀಹ್ಯಾಮ್ ಕ್ಷೇತ್ರದಲ್ಲಿ ಸೋತು 1936ರಲ್ಲಿ ಇಲ್ಲಿ ಆಸರೆ ಪಡೆದ ಮಾಜಿ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್, ಮುಂದೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಜಾನ್ ಬಾಯ್ಡ್ ಆರ್.

ನನಗೆ ಮುಖ್ಯವೆನಿಸುವುದು ಸೋತವರೊಬ್ಬರ ಹೆಸರು. 1938ರ ಉಪಚುನಾವಣೆಯಲ್ಲಿ, ಬಂಗಾಳದ ಗವರ್ನರ್ ಆಗಿದ್ದು ಮರಳಿದ್ದ ಜಾನ್ ಆಂಡರ್ಸನ್ ಎದುರು ಫ್ರಾನ್ಸಿಸ್ ಮೆಲ್ವಿಲ್ ಪಕ್ಷೇತರರಾಗಿ ನಿಂತರು. ಕೋರ್ಟಿಗೆ ಹೋಗಿದ್ದ ಐವರಲ್ಲಿ ಅವರೂ ಒಬ್ಬರು. ಮೂವತ್ತು ವರ್ಷದ ಹಿಂದೆ ಮತಪತ್ರವನ್ನೇ ಕೊಡದಿದ್ದ ಪದವೀಧರ ಕ್ಷೇತ್ರದಲ್ಲಿ ಅವರು ಎರಡನೆಯವರಾಗಿ ಬಂದರು.

ಊರಿನ ಕ್ಷೇತ್ರದಲ್ಲೊಂದು, ಇಲ್ಲೊಂದು ಎಂದು ಪದವೀಧರರಿಗೆ ಎರಡು ಮತವಿತ್ತು. ಈ ಹೆಚ್ಚುಗಾರಿಕೆ ಸಲ್ಲದೆಂದು ಲೇಬರ್ ಸರ್ಕಾರ 1948ರ ಕಾಯ್ದೆಯಿಂದ ಕ್ಷೇತ್ರವನ್ನೇ ತೆಗೆದುಹಾಕಿತು. ಅದು ಸರಿಯಾದ ತೀರ್ಮಾನವೇ. 1950ರ ಚುನಾವಣೆಯ ಹೊತ್ತಿಗೆ ಕ್ಷೇತ್ರ ಇಲ್ಲವಾಯಿತು. ಅಲ್ಲಿಯವರೆಗೂ ಅಲ್ಲಿಂದ ಒಬ್ಬ ಹೆಣ್ಣುಮಗಳೂ ಆರಿಸಿ ಬಂದಿರಲಿಲ್ಲ.