ತಾನಾಗಿ ಮಾಯವಾಗುವ ‘ರಕ್ತದ ಕ್ಯಾನ್ಸರ್’

ಕೂಸು ಹುಟ್ಟಿ ಇನ್ನೂ ವಾರವಾಗಿಲ್ಲ. ರಕ್ತಪರೀಕ್ಷೆಯ ವರದಿ ಮಾತ್ರ ಎದೆ ನಡುಗಿಸುವಂಥದ್ದು. ಬಿಳಿ ರಕ್ತಕಣಗಳು ವಿಪರೀತ ಏರಿವೆ. ಸೂಕ್ಷ್ಮದರ್ಶಕದಡಿ ನೋಡಿದರೆ ಬಲಿಯದ ‘ಬ್ಲಾಸ್ಟ್’ ಕಣಗಳದೇ ದಂಡು. ನೋಟಕ್ಕೆ ಥೇಟು ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಆದರೂ ಕೂಸು ಗೆಲುವಾಗಿದ್ದರೆ ವೈದ್ಯರು ಔಷಧಿ ಕೊಡದೆ ಕಾಯುತ್ತಾರೆ. ಸುಮಾರು ಮೂರು ತಿಂಗಳೊಳಗೆ, ಬಹುತೇಕ ಕೂಸುಗಳಲ್ಲಿ ಆ ದಂಡು ತಾನಾಗಿ ಕರಗಿಹೋಗುತ್ತದೆ!

ಪವಾಡವೇ? ಅಲ್ಲ. ಡೌನ್ ಸಿಂಡ್ರೋಮ್ ಇರುವ ನವಜಾತ ಶಿಶುಗಳಲ್ಲಿ ನೂರಕ್ಕೆ ಸುಮಾರು ಹತ್ತರಲ್ಲಿ ಕಾಣುವ ಸ್ಥಿತಿ ಇದು. ವೈದ್ಯರು ಚಿಕ್ಕದಾಗಿ ‘ಟ್ಯಾಮ್’ ಎನ್ನುತ್ತಾರೆ. ಈ ಮಕ್ಕಳ ಜೀವಕೋಶಗಳಲ್ಲಿ 21ನೇ ವರ್ಣತಂತು ಎರಡರ ಬದಲು ಮೂರಿರುತ್ತದೆಂದು ಫ್ರಾನ್ಸಿನ ವಿಜ್ಞಾನಿಗಳು 1959ರಲ್ಲೇ ತೋರಿಸಿದ್ದರು. ಆದರೆ ಟ್ಯಾಮ್ ಬರಲು ಅದೊಂದೇ ಸಾಲದು. ಗರ್ಭದಲ್ಲಿರುವಾಗಲೇ ರಕ್ತ ತಯಾರಿಸುವ ಕೋಶವೊಂದರ ‘ಗಾಟಾ-1’ ಎಂಬ ಜೀನಿನಲ್ಲಿ ತಪ್ಪು ನುಸುಳಬೇಕು. ಆಗ ಮೊಟಕು ಪ್ರೋಟೀನು ತಯಾರಾಗುತ್ತದೆ. ಕಣಗಳು ಬಲಿಯದೆ ಬರೀ ಹೆಚ್ಚುತ್ತ ಹೋಗುತ್ತವೆ. ಇದು ಬೆಳಕಿಗೆ ಬಂದದ್ದು 2002-03ರಲ್ಲಿ.

ಹಾಗಾದರೆ ಮಾಯವಾಗುವುದೇಕೆ? ಗರ್ಭದಲ್ಲಿ ರಕ್ತ ತಯಾರಾಗುವುದು ಬಹುಮಟ್ಟಿಗೆ ಯಕೃತ್ತಿನಲ್ಲಿ. ಹುಟ್ಟುವ ಹೊತ್ತಿಗೆ ಆ ಕೆಲಸ ಮೂಳೆಯೊಳಗಿನ ಮಜ್ಜೆಗೆ ವರ್ಗವಾಗಿರುತ್ತದೆ. ಯಕೃತ್ತಿನ ಆಸರೆಯಲ್ಲಿ ಕೊಬ್ಬಿದ ಕಣಗಳು ಆ ಆಸರೆ ತಪ್ಪಿದಾಗ, ನೆಲ ಒಗ್ಗದ ಸಸಿಯಂತೆ ಸೊರಗುತ್ತವೆ ಎಂಬುದು ವಿಜ್ಞಾನಿಗಳ ವಿವರಣೆ.

ಇಲ್ಲೊಂದು ಮಾತು. ‘ರಕ್ತದ ಕ್ಯಾನ್ಸರ್ ತಾನಾಗಿ ವಾಸಿಯಾಗುತ್ತದಂತೆ’ ಎಂದು ಯಾರಾದರೂ ಹೇಳಿದರೆ ನಂಬಿ ಕೂರಬೇಡಿ. ಶಾಲೆಗೆ ಹೋಗುವ ಮಗುವಿಗೆ ಬರುವ ಲ್ಯುಕೇಮಿಯಾ ಬೇರೆಯೇ. ಸಕಾಲದಲ್ಲಿ ಪೂರ್ತಿ ಚಿಕಿತ್ಸೆ ಸಿಕ್ಕರೆ ಅಂಥ ಮಕ್ಕಳಲ್ಲಿ ಬಹುಪಾಲು ಗುಣವಾಗುತ್ತಾರೆ. ಕಾಯುತ್ತ ಕೂತರೆ ಜೀವಕ್ಕೇ ಸಂಚಕಾರ.

ಟ್ಯಾಮ್ ಕೂಡ ಸದಾ ಸಾಧುವಲ್ಲ. ಕೆಲವು ಕೂಸುಗಳ ಯಕೃತ್ತು ಊದಿಕೊಂಡು ಕೆಡುತ್ತದೆ. ಅಂಥವಕ್ಕೆ ‘ಸೈಟರಬೀನ್’ ಔಷಧಿಯನ್ನು ಕಡಿಮೆ ಪ್ರಮಾಣದಲ್ಲಿ ಕೊಡಬೇಕಾಗುತ್ತದೆ. ಜೀವ ಉಳಿಯದ ಕೂಸುಗಳೂ ಇವೆ. ಪಾರಾದವರಲ್ಲೂ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಮಕ್ಕಳಿಗೆ ನಾಲ್ಕು ವರ್ಷ ತುಂಬುವುದರೊಳಗೆ ನಿಜವಾದ ಲ್ಯುಕೇಮಿಯಾ ಬರುತ್ತದೆ. ಎಲ್ಲೋ ಅವಿತು ಉಳಿದ ಹಳೆಯ ಕಣಕ್ಕೆ ಹೊಸ ತಪ್ಪುಗಳು ಸೇರಿಕೊಂಡಿರುತ್ತವೆ. ಆದ್ದರಿಂದಲೇ ಮಗು ಆಡಿಕೊಂಡಿದ್ದರೂ ಆ ವಯಸ್ಸಿನವರೆಗೆ ವೈದ್ಯರು ಹೇಳಿದಾಗಲೆಲ್ಲ ರಕ್ತಪರೀಕ್ಷೆ ಮಾಡಿಸಬೇಕು.

ವಿಚಿತ್ರ ನೋಡಿ, ಆ ಲ್ಯುಕೇಮಿಯಾದ ಕಣಗಳು ಸೈಟರಬೀನ್‌ಗೆ ಬಲುಬೇಗ ಮಣಿಯುತ್ತವೆ. ಹೀಗಾಗಿ ಇತರ ಮಕ್ಕಳಿಗಿಂತ ಹಗುರವಾದ ಚಿಕಿತ್ಸೆಯಲ್ಲೇ ಇವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ.