ಟ್ಯಾಕ್ಸ್ ಇಲ್ಲದ ಮೂರು ದಿನ: ನಿಜಕ್ಕೂ ಉಳಿಯೋದೆಷ್ಟು?

ಅಮೆರಿಕದ ಟೆಕ್ಸಾಸ್‌ನಲ್ಲಿ ಪ್ರತಿ ಆಗಸ್ಟ್‌ನಲ್ಲೂ ಮೂರು ದಿನ ಬಟ್ಟೆ, ಶೂ, ಸ್ಕೂಲ್ ಬ್ಯಾಗಿಗೆ ಸೇಲ್ಸ್ ಟ್ಯಾಕ್ಸ್ ಇಲ್ಲ! 1999ರಿಂದ ನಡೆದುಬಂದಿರೋ ಪದ್ಧತಿ ಇದು. ಅಂಗಡಿಗಳಲ್ಲಿ ಜನವೋ ಜನ.

ಆದ್ರೆ ಲೆಕ್ಕ ಹಾಕಿ ನೋಡೋಣ. ಅಲ್ಲಿ ಟ್ಯಾಕ್ಸ್ ಹೆಚ್ಚೆಂದ್ರೆ ಶೇ 8.25. ಅಂದ್ರೆ 80 ಡಾಲರ್ ಶೂಗೆ ಉಳಿಯೋದು 6 ಡಾಲರ್ 60 ಸೆಂಟ್. ಬೇರೆ ದಿನ ಅದೇ ಶೂಗೆ ಶೇ 20 ಡಿಸ್ಕೌಂಟ್ ಸಿಕ್ಕರೆ? ಟ್ಯಾಕ್ಸ್ ಕಟ್ಟಿದ್ರೂ 70 ಡಾಲರ್ ಒಳಗೇ ಮುಗಿಯುತ್ತೆ!

ಇನ್ನೊಂದು ಕೊಕ್ಕೆ ಇದೆ. ಒಂದೊಂದು ವಸ್ತುವಿನ ಬೆಲೆಯೂ 100 ಡಾಲರ್‌ಗಿಂತ ಕಡಿಮೆ ಇರಬೇಕು. 95 ಡಾಲರ್ ಜೀನ್ಸ್ ಆನ್‌ಲೈನ್‌ನಲ್ಲಿ ತರಿಸಿದ್ರಿ, ಡೆಲಿವರಿಗೆ 10 ಡಾಲರ್ ಸೇರಿತು. ಒಟ್ಟು 105 ಆಯ್ತಲ್ಲ, ಪೂರ್ತಿ ಮೊತ್ತಕ್ಕೆ ಟ್ಯಾಕ್ಸ್ ಬೀಳುತ್ತೆ!

ಅನೇಕ ಅರ್ಥಶಾಸ್ತ್ರಜ್ಞರ ತಕರಾರೂ ಇದೇ: ಹೇಗಿದ್ರೂ ಕೊಳ್ಳಬೇಕಿದ್ದನ್ನೇ ಜನ ಆ ಮೂರು ದಿನಕ್ಕೆ ಹೊಂದಿಸಿಕೊಳ್ತಾರೆ, ಅಷ್ಟೇ. ಜೊತೆಗೆ ‘ಟ್ಯಾಕ್ಸ್ ಇಲ್ಲ’ ಅನ್ನೋ ಬೋರ್ಡ್ ನೋಡಿ ಬೇಡದ್ದನ್ನೂ ಕೊಂಡ್ರೆ, ಉಳಿದ ದುಡ್ಡು ಅಲ್ಲೇ ಖಾಲಿ.

ಡಾಲಸ್, ಹ್ಯೂಸ್ಟನ್ ಕನ್ನಡಿಗರೇ, ಬೇಕಾದ್ದರ ಪಟ್ಟಿ ಮನೆಯಲ್ಲೇ ಬರ್ಕೊಂಡು ಹೋಗಿ. ಟ್ಯಾಕ್ಸ್ ಒಂದನ್ನೇ ನೋಡ್ಬೇಡಿ, ಬಿಲ್ಲಿನ ಒಟ್ಟು ಮೊತ್ತ ನೋಡಿ.